ಟೈಪ್ ಇದ್ದೂ ಕುಸಿದದ್ದೇಕೆ? ವೆಬ್ ಎಪಿಐಗಳಲ್ಲಿ ದೋಷ ನಿರ್ವಹಣೆಯ ಬಿಕ್ಕಟ್ಟು

2025ರ ನವೆಂಬರ್ 18ರಂದು ಚಾಟ್‌ಜಿಪಿಟಿ, ಎಕ್ಸ್ ಸೇರಿದಂತೆ ಜಗತ್ತಿನ ಅಸಂಖ್ಯ ಜಾಲತಾಣಗಳು ಗಂಟೆಗಟ್ಟಲೆ ತೆರೆದುಕೊಳ್ಳಲಿಲ್ಲ. ಅವುಗಳ ಬದಲು ಕಂಡದ್ದು, ಜಾಲತಾಣಗಳಿಗೂ ಬಳಕೆದಾರರಿಗೂ ನಡುವೆ ನಿಂತು ದಟ್ಟಣೆ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ದೋಷಪುಟ. ಕಂಪನಿ ಕೂಡಲೇ ವಿವರವಾದ ವರದಿಯೊಂದನ್ನು ಪ್ರಕಟಿಸಿತು. ಕುಸಿತಕ್ಕೆ ಕಾರಣವಾದ ಕೋಡ್ ರಸ್ಟ್ ಭಾಷೆಯಲ್ಲಿದೆ, ಅಲ್ಲಿನ 'ಅನ್‌ರ‍್ಯಾಪ್' ಎಂಬ ಒಂದು ಕರೆ ಪ್ರಕ್ರಿಯೆಯನ್ನೇ ನಿಲ್ಲಿಸಿತು ಎಂದು ಅದರಲ್ಲಿತ್ತು. ರಸ್ಟ್ ಹೆಸರು ಮಾಡಿರುವುದೇ ಸುರಕ್ಷತೆಗೆ. ಹಾಗಿದ್ದರೆ ಟೈಪ್‌ಗಳಿಂದ, ಅಂದರೆ ಪ್ರತಿ ಮೌಲ್ಯ ಯಾವ ಬಗೆಯದೆಂದು ಮೊದಲೇ ಹೇಳುವ ಗುರುತುಗಳಿಂದ, ಬಂದ ಲಾಭವೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಮೂರು ವಾರ ತುಂಬುವ ಮೊದಲೇ, ಡಿಸೆಂಬರ್ 5ರಂದು, ಅದೇ ಕಂಪನಿಯ ಜಾಲ ಸುಮಾರು 25 ನಿಮಿಷ ಮತ್ತೆ ಎಡವಿತು. ಈ ಸಲದ ದೋಷವಿದ್ದದ್ದು ಲುವಾ ಭಾಷೆಯ ಹಳೆಯ ಕೋಡ್‌ನಲ್ಲಿ. ಇಂಥ ತಪ್ಪನ್ನು ಬಲವಾದ ಟೈಪ್ ವ್ಯವಸ್ಥೆಯಿರುವ ಭಾಷೆ ತಡೆಯುತ್ತದೆ, ರಸ್ಟ್‌ನಲ್ಲಿ ಬರೆದ ಹೊಸ ಕೋಡ್‌ನಲ್ಲಿ ಇದು ಸಂಭವಿಸಲಿಲ್ಲ ಎಂದು ಎರಡನೆಯ ವರದಿ ಹೇಳಿತು. ಎರಡನ್ನೂ ಓದಿದವರು ಗೊಂದಲಕ್ಕೆ ಬಿದ್ದರೆ ಅಚ್ಚರಿಯಿಲ್ಲ. ಒಂದು ವರದಿ ಟೈಪ್‌ಗಳ ಸೋಲಿನಂತೆ ಕಾಣುತ್ತದೆ, ಇನ್ನೊಂದು ಗೆಲುವಿನಂತೆ. ಆದರೆ ಎರಡೂ ಒಂದೇ ಸಂಗತಿಯನ್ನು ಹೇಳುತ್ತಿವೆ. ಅದು ಸ್ಪಷ್ಟವಾಗಬೇಕಾದರೆ, ಪ್ರೋಗ್ರಾಂ ಅನ್ನು ಫಂಕ್ಷನ್‌ಗಳ ಜೋಡಣೆಯಾಗಿ ಬರೆಯುವ ಫಂಕ್ಷನಲ್ ಪ್ರೋಗ್ರಾಮಿಂಗ್‌ನಿಂದ ಬಂದ 'ಟೈಪ್ ಇರುವ ದೋಷ' ಎಂಬ ಪರಿಕಲ್ಪನೆ ಏನನ್ನು ಖಾತರಿಪಡಿಸುತ್ತದೆ, ಏನನ್ನು ಖಾತರಿಪಡಿಸುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

ಒಂದು ಕಡತ ಎರಡರಷ್ಟಾದಾಗ

ಮೊದಲ ಘಟನೆಯ ಕಾರಣ ಸರಪಳಿ ಹೀಗಿದೆ. ಜಾಲತಾಣಕ್ಕೆ ಬರುವ ಕೋರಿಕೆ ಮನುಷ್ಯರದೋ ಬಾಟ್‌ನದೋ ಎಂದು ಅಂಕ ನೀಡುವ ವ್ಯವಸ್ಥೆಯೊಂದು ಕ್ಲೌಡ್‌ಫ್ಲೇರ್‌ನಲ್ಲಿದೆ. ಅದಕ್ಕೆ ಬೇಕಾದ ಲಕ್ಷಣಗಳ ಪಟ್ಟಿ ಐದು ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗಿ ಜಗತ್ತಿನಾದ್ಯಂತ ಇರುವ ಸರ್ವರ್‌ಗಳಿಗೆ ಹೋಗುತ್ತದೆ. ಅಂದು ಕ್ಲಿಕ್‌ಹೌಸ್ ಡೇಟಾಬೇಸ್‌ನ ಅನುಮತಿಗಳಲ್ಲಿ ಮಾಡಿದ ಬದಲಾವಣೆಯಿಂದಾಗಿ, ಪಟ್ಟಿ ತಯಾರಿಸಲು ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು. ಕಡತದ ಗಾತ್ರ ಎರಡರಷ್ಟಾಯಿತು. ಅದನ್ನು ಓದುವ ಕೋಡ್ ಮಾತ್ರ 200 ಲಕ್ಷಣಗಳಿಗಿಂತ ಹೆಚ್ಚು ಇರಲಾರವು ಎಂದು ಮೊದಲೇ ಮಿತಿ ಹಾಕಿಕೊಂಡಿತ್ತು. ರೂಢಿಯಲ್ಲಿ ಬಳಕೆಯಾಗುತ್ತಿದ್ದದ್ದು ಸುಮಾರು 60. ಹಾಗಾಗಿ ಮಿತಿ ಸಾಕಷ್ಟು ಉದಾರವಾಗಿದೆ ಎಂದೇ ಎಲ್ಲರ ನಂಬಿಕೆಯಾಗಿತ್ತು.

ಮಿತಿ ಮೀರಿದಾಗ ಓದುವ ಫಂಕ್ಷನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು: 'ಆಗಲಿಲ್ಲ' ಎಂಬ ಮೌಲ್ಯವನ್ನು ಹಿಂತಿರುಗಿಸಿತು. ಅದನ್ನು ಕರೆದ ಕೋಡ್ ಆ ಮೌಲ್ಯದ ಮೇಲೆ ಅನ್‌ರ‍್ಯಾಪ್ ಹಾಕಿತ್ತು. 'ಇಲ್ಲಿ ಗೆಲುವೇ ಬರುತ್ತದೆ, ಬಾರದಿದ್ದರೆ ಎಲ್ಲವನ್ನೂ ನಿಲ್ಲಿಸು' ಎಂಬುದು ಅನ್‌ರ‍್ಯಾಪ್‌ನ ಅರ್ಥ. ಎಲ್ಲವೂ ನಿಂತಿತು. 11:20ಕ್ಕೆ (ಯುಟಿಸಿ) ಶುರುವಾದ ತೊಂದರೆ ಬಹುಮಟ್ಟಿಗೆ ಸರಿಯಾದದ್ದು 14:30ಕ್ಕೆ, ಪೂರ್ತಿ ಸರಿಯಾದದ್ದು 17:06ಕ್ಕೆ. ಡೇಟಾಬೇಸ್‌ನ ಕೆಲವು ಭಾಗಗಳಿಗೆ ಮಾತ್ರ ಬದಲಾವಣೆ ತಲುಪಿದ್ದರಿಂದ ಐದು ನಿಮಿಷಕ್ಕೊಮ್ಮೆ ಒಳ್ಳೆಯ ಕಡತವೋ ಕೆಟ್ಟ ಕಡತವೋ ಬರುತ್ತಿತ್ತು. ವ್ಯವಸ್ಥೆ ಏಳುತ್ತಾ ಬೀಳುತ್ತಾ ಇದ್ದದ್ದನ್ನು ಕಂಡು ತಂಡ ಮೊದಲಿಗೆ ಯಾರೋ ದಾಳಿ ಮಾಡುತ್ತಿದ್ದಾರೆಂದೇ ಶಂಕಿಸಿತು.

ಚರ್ಚೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋದ ಒಂದು ವಿವರ ಈ ವರದಿಯಲ್ಲಿದೆ. ಕೆಲವು ಗ್ರಾಹಕರ ದಟ್ಟಣೆ ಇನ್ನೂ ಹಳೆಯ ಪ್ರಾಕ್ಸಿಯ (ಕೋರಿಕೆಗಳನ್ನು ದಾಟಿಸುವ ಮಧ್ಯವರ್ತಿ ಪ್ರೋಗ್ರಾಂ) ಮೂಲಕ ಹೋಗುತ್ತಿತ್ತು. ಅಲ್ಲಿ ಯಾವುದೂ ಕುಸಿಯಲಿಲ್ಲ, ದೋಷಪುಟವೂ ಬರಲಿಲ್ಲ. ಬದಲಿಗೆ ಪ್ರತಿ ಕೋರಿಕೆಗೂ ಬಾಟ್ ಅಂಕ ಸೊನ್ನೆ ಎಂದು ದಾಖಲಾಯಿತು. ಕಡಿಮೆ ಅಂಕದವರನ್ನು ತಡೆಯುವ ನಿಯಮ ಇಟ್ಟುಕೊಂಡಿದ್ದ ತಾಣಗಳಲ್ಲಿ ನಿಜವಾದ ಬಳಕೆದಾರರೇ ಬಾಟ್‌ಗಳೆಂದು ತಡೆಗೆ ಸಿಕ್ಕಿಕೊಂಡರು. ಒಂದು ಕಡೆ ಸದ್ದು ಮಾಡಿ ಬಿದ್ದ ವ್ಯವಸ್ಥೆ, ಇನ್ನೊಂದು ಕಡೆ ಸದ್ದಿಲ್ಲದೆ ಸುಳ್ಳು ಉತ್ತರ ಕೊಟ್ಟ ವ್ಯವಸ್ಥೆ. ದೋಷ ನಿರ್ವಹಣೆಯ ಎಲ್ಲ ಚರ್ಚೆಯೂ ಕೊನೆಗೆ ಈ ಎರಡು ಕೆಡುಕುಗಳ ನಡುವೆ ಮೂರನೆಯ ದಾರಿಯನ್ನು ಹುಡುಕುವ ಪ್ರಯತ್ನವೇ ಆಗಿದೆ.

ಎಕ್ಸೆಪ್ಷನ್‌ನಿಂದ ಮೌಲ್ಯಕ್ಕೆ

ಬಹುಪಾಲು ಭಾಷೆಗಳಲ್ಲಿ ಫಂಕ್ಷನ್ ತನ್ನ ಕೆಲಸ ಕೆಟ್ಟರೆ ಎಕ್ಸೆಪ್ಷನ್ ಎಂಬ ದೋಷ ಸಂಕೇತವನ್ನು ಎಸೆಯುತ್ತದೆ. ಅದು ಕರೆಗಳ ಸರಣಿಯಲ್ಲಿ ಮೇಲಕ್ಕೆ ಹಾರುತ್ತಾ ಹೋಗಿ, ಯಾರಾದರೂ ಹಿಡಿದರೆ ಅಲ್ಲಿ ನಿಲ್ಲುತ್ತದೆ. ತೊಡಕು ಏನೆಂದರೆ, ಫಂಕ್ಷನ್‌ನ ಸಹಿಯಲ್ಲಿ, ಅಂದರೆ ಅದು ಏನನ್ನು ಪಡೆದು ಏನನ್ನು ಕೊಡುತ್ತದೆ ಎಂದು ಹೇಳುವ ಸಾಲಿನಲ್ಲಿ, ಇದರ ಸುಳಿವೇ ಇರುವುದಿಲ್ಲ. 'ಬಳಕೆದಾರರ ಸಂಖ್ಯೆ ಕೊಡಿ, ಬಳಕೆದಾರರ ವಿವರ ಕೊಡುತ್ತೇನೆ' ಎಂದು ಸಹಿ ಹೇಳುತ್ತದೆ. ಅಂಥ ಬಳಕೆದಾರರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಒಳಗಿನ ಕೋಡ್ ಓದಿದವರಿಗೆ ಮಾತ್ರ ಗೊತ್ತು.

'ಇಲ್ಲಿ ಏನೂ ಇಲ್ಲ' ಎಂದು ಸೂಚಿಸುವ ನಲ್ ಮೌಲ್ಯದ ಕಥೆಯೂ ಇದೇ. 1965ರಲ್ಲಿ ಆಲ್ಗೋಲ್ ಡಬ್ಲ್ಯೂ ಭಾಷೆಗೆ ನಲ್ ಉಲ್ಲೇಖವನ್ನು ಸೇರಿಸಿದ ಗಣಕವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರ್‌ಗಳ ತಪ್ಪು ಎಂದು ಕರೆದರು. ಆ ತಪ್ಪಿನ ಲೆಕ್ಕ ಇನ್ನೂ ಮುಗಿದಿಲ್ಲ. 2025ರ ಜೂನ್ 12ರಂದು ಗೂಗಲ್ ಕ್ಲೌಡ್‌ನ ಸೇವೆಗಳು ವ್ಯಾಪಕವಾಗಿ ಕುಸಿದಾಗ, ಖಾಲಿ ಕ್ಷೇತ್ರಗಳಿದ್ದ ಒಂದು ನೀತಿ ದಾಖಲೆಯನ್ನು ಓದಿದ ಕೋಡ್ ನಲ್ ಪಾಯಿಂಟರ್‌ಗೆ ತಾಗಿ ಬಿದ್ದಿತ್ತು. ಆ ಕೋಡ್‌ನಲ್ಲಿ ತಕ್ಕ ದೋಷ ನಿರ್ವಹಣೆ ಇರಲಿಲ್ಲ ಎಂದು ಕಂಪನಿಯ ವರದಿಯೇ ಒಪ್ಪಿಕೊಂಡಿತು.

ಎಂಎಲ್, ಹ್ಯಾಸ್ಕೆಲ್ ಪರಂಪರೆಯ ಭಾಷೆಗಳು ಬೇರೆಯೇ ದಾರಿ ಹಿಡಿದವು. ಅಲ್ಲಿ ಸೋಲು ಎಂಬುದು ಹಾರಿಹೋಗುವ ಸಂಕೇತವಲ್ಲ, ಸಾಮಾನ್ಯ ಮೌಲ್ಯ. ಫಂಕ್ಷನ್ 'ಇದು ಅಥವಾ ಅದು' ಎಂಬ ಟೈಪ್ ಅನ್ನು ಹಿಂತಿರುಗಿಸುತ್ತದೆ: ಹ್ಯಾಸ್ಕೆಲ್ ಮತ್ತು ಸ್ಕಾಲಾದಲ್ಲಿ ಅದರ ಹೆಸರು ಈದರ್, ರಸ್ಟ್‌ನಲ್ಲಿ ರಿಸಲ್ಟ್. ಗೆದ್ದಿದ್ದರೆ ಒಂದು ಬಗೆಯ ಮೌಲ್ಯ, ಸೋತಿದ್ದರೆ ಇನ್ನೊಂದು ಬಗೆಯದು. ಕರೆದವರು ಅದನ್ನು ಬಿಚ್ಚಿ ನೋಡದೆ ಒಳಗಿನ ಗೆಲುವನ್ನು ಮುಟ್ಟಲಾಗದು, ಕೋಡ್ ಓಡುವ ಮೊದಲೇ ಅದನ್ನು ಪರಿಶೀಲಿಸಿ ಅನುವಾದಿಸುವ ಕಂಪೈಲರ್ ಬಿಡುವುದಿಲ್ಲ. ಪ್ರತಿ ಹೆಜ್ಜೆಗೂ ಬಿಚ್ಚಿ ನೋಡುವ ಬೇಸರ ಬೇಡವೆಂದು, ಸೋತ ಕೂಡಲೇ ಉಳಿದ ಹೆಜ್ಜೆಗಳನ್ನು ಬಿಟ್ಟು ದೋಷವನ್ನು ಮೇಲಕ್ಕೆ ಒಯ್ಯುವ ಸಂಯೋಜನೆಗಳೂ ಇವೆ. ಹ್ಯಾಸ್ಕೆಲ್‌ನಲ್ಲಿ ಆ ಕೆಲಸವನ್ನು ಮೊನಾಡ್ ಮಾಡುತ್ತದೆ, ರಸ್ಟ್‌ನಲ್ಲಿ 2016ರ ಕೊನೆಗೆ ಬಂದ ಪ್ರಶ್ನಾರ್ಥಕ ಚಿಹ್ನೆ ಮಾಡುತ್ತದೆ.

ಟೈಪ್ ಏನನ್ನು ಕೇಳುತ್ತದೆ

ಈಗ ಎರಡು ವರದಿಗಳನ್ನು ಅಕ್ಕಪಕ್ಕ ಇಡಬಹುದು. ಡಿಸೆಂಬರ್ 5ರ ಲುವಾ ಕೋಡ್‌ನಲ್ಲಿ ಒಂದು ಕ್ಷೇತ್ರ ಇದ್ದೇ ಇರುತ್ತದೆ ಎಂದು ಊಹಿಸಲಾಗಿತ್ತು. ತುರ್ತಾಗಿ ಒಂದು ನಿಯಮವನ್ನು ನಿಷ್ಕ್ರಿಯಗೊಳಿಸಿದಾಗ ಆ ಕ್ಷೇತ್ರ ತುಂಬಲೇ ಇಲ್ಲ, ಇಲ್ಲದ್ದನ್ನು ಮುಟ್ಟಿದ ಕೋಡ್ ಬಿದ್ದಿತು. ಆ ತಪ್ಪು ವರ್ಷಗಟ್ಟಲೆ ಅಲ್ಲೇ ಇತ್ತು, ಯಾರಿಗೂ ಕಂಡಿರಲಿಲ್ಲ. 'ಇದು ಇಲ್ಲದಿದ್ದರೆ ಏನು ಮಾಡುತ್ತೀರಿ?' ಎಂದು ಅದನ್ನು ಬರೆದವರನ್ನು ಯಾರೂ ಕೇಳಿರಲಿಲ್ಲ.

ನವೆಂಬರ್ 18ರ ರಸ್ಟ್ ಕೋಡ್‌ನಲ್ಲಿ ಆ ಪ್ರಶ್ನೆಯನ್ನು ಕಂಪೈಲರ್ ಕೇಳಿತ್ತು. 'ನಿಲ್ಲಿಸಿಬಿಡು' ಎಂದು ಉತ್ತರವೂ ಬಂದಿತ್ತು. ಟೈಪ್‌ಗೆ ಉತ್ತರ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವ ಶಕ್ತಿಯಿಲ್ಲ. ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗದಂತೆ ತಡೆಯುವುದಷ್ಟೇ ಅದರ ಕೆಲಸ.

ಇದು ಸಣ್ಣ ಖಾತರಿಯಲ್ಲ. ಉತ್ತರ ಕೋಡ್‌ನಲ್ಲಿ ಕಣ್ಣಿಗೆ ಕಾಣುವಂತೆ ದಾಖಲಾಗಿರುವುದರಿಂದ ಅದನ್ನು ಹುಡುಕಬಹುದು, ಪರಿಶೀಲನೆಯಲ್ಲಿ ಪ್ರಶ್ನಿಸಬಹುದು. ಕ್ಲಿಪ್ಪಿ ಎಂಬ ರಸ್ಟ್ ಉಪಕರಣದಲ್ಲಿ ಅನ್‌ರ‍್ಯಾಪ್ ಬಳಕೆಯನ್ನು ಎತ್ತಿ ತೋರಿಸುವ ನಿಯಮವೇ ಇದೆ, ಆದರೆ ಅದು ತಾನಾಗಿ ಚಾಲೂ ಆಗಿರುವುದಿಲ್ಲ. ಲುವಾದಲ್ಲಿ ಅಂಥ ಹುಡುಕಾಟಕ್ಕೆ ಹಿಡಿಯೇ ಇಲ್ಲ, ಏಕೆಂದರೆ ಯಾವ ಕ್ಷೇತ್ರವಾದರೂ ಯಾವ ಕ್ಷಣದಲ್ಲಾದರೂ ಇಲ್ಲದಿರಬಹುದು. 'ಟೈಪ್ ಇದ್ದರೂ ಬಿತ್ತು' ಎಂಬ ವಾದ ಈ ವ್ಯತ್ಯಾಸವನ್ನೇ ಮರೆಸುತ್ತದೆ. 'ಅದು ಪ್ರೋಗ್ರಾಮರ್‌ನ ತಪ್ಪು, ಭಾಷೆಯದಲ್ಲ' ಎಂಬ ಪ್ರತಿವಾದವೂ ಅಷ್ಟೇ ಅರೆಬರೆ. 'ನಿಲ್ಲಿಸಿಬಿಡು' ಎಂಬ ಉತ್ತರವನ್ನು ಒಂದೇ ಪದದಲ್ಲಿ ಬರೆಯಬಹುದು, 'ಹಿಂದಿನ ಒಳ್ಳೆಯ ಕಡತವನ್ನೇ ಬಳಸು' ಎಂಬ ಉತ್ತರಕ್ಕೆ ಹತ್ತಾರು ಸಾಲು ಬೇಕು ಎಂದಾದರೆ, ಜನ ಯಾವುದನ್ನು ಬರೆಯುತ್ತಾರೆ ಎಂಬುದರಲ್ಲಿ ಭಾಷೆಯ ಪಾಲೂ ಇದೆ.

ಹಣ ವರ್ಗಾವಣೆಯ ಒಂದು ಕರೆ

ಒಂದು ಪ್ರೋಗ್ರಾಂ ಜಾಲದ ಮೂಲಕ ಇನ್ನೊಂದನ್ನು ಕರೆಯುವ ವೆಬ್ ಎಪಿಐಗೆ ಬಂದಾಗ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಕಳುಹಿಸುವ ಎಪಿಐ ಇದೆ ಎಂದುಕೊಳ್ಳೋಣ. ಅದರ ಸಹಿಯನ್ನು ಹೀಗೆ ಬರೆಯಬಹುದು:

ವರ್ಗಾಯಿಸು : ಕೋರಿಕೆ → ರಿಸಲ್ಟ್ (ರಸೀದಿ, ವರ್ಗಾವಣೆದೋಷ)

ವರ್ಗಾವಣೆದೋಷ =
  | ಖಾತೆಯಿಲ್ಲ
  | ಮೊತ್ತಸಾಲದು (ಇರುವ ಮೊತ್ತ)
  | ಮಿತಿಮೀರಿದೆ (ಮತ್ತೆ ಯಾವಾಗ)
  | ಫಲಿತಾಂಶತಿಳಿಯದು (ಕೋರಿಕೆ ಸಂಖ್ಯೆ)

ನಾಲ್ಕು ಸಾಲುಗಳ ಈ ಪಟ್ಟಿ ಪುಟಗಟ್ಟಲೆ ದಸ್ತಾವೇಜಿಗಿಂತ ಹೆಚ್ಚು ಹೇಳುತ್ತದೆ. ಮೊದಲ ಮೂರರಲ್ಲಿ ಹಣ ಖಂಡಿತವಾಗಿಯೂ ಹೋಗಿಲ್ಲ. ಖಾತೆಯಿಲ್ಲದಿದ್ದರೆ ಸಂಖ್ಯೆಯನ್ನು ತಿದ್ದಬೇಕು, ಮೊತ್ತ ಸಾಲದಿದ್ದರೆ ಕಡಿಮೆ ಕಳುಹಿಸಬೇಕು, ಮಿತಿ ಮೀರಿದ್ದರೆ ಕಾಯಬೇಕು. ಬೇಕಾದ ಕಡೆ ದೋಷ ತನ್ನ ಜೊತೆ ಮಾಹಿತಿಯನ್ನೂ ಹೊತ್ತು ತರುತ್ತದೆ.

ನಾಲ್ಕನೆಯದು ಬೇರೆಯೇ ಜಾತಿ. ಆಚೆ ಕಡೆಯ ಬ್ಯಾಂಕಿನಿಂದ ನಿಗದಿತ ಸಮಯದೊಳಗೆ ಉತ್ತರ ಬರಲಿಲ್ಲ. ಹಣ ಹೋಗಿರಬಹುದು, ಹೋಗದೆಯೂ ಇರಬಹುದು. ಇದನ್ನು 'ಸೋಲು' ಎಂದು ಕರೆದ ಕ್ಷಣವೇ ಅನಾಹುತಕ್ಕೆ ಬಾಗಿಲು ತೆರೆಯುತ್ತದೆ, ಏಕೆಂದರೆ ಸೋತ ಕೋರಿಕೆಯನ್ನು ಮತ್ತೆ ಕಳುಹಿಸುವುದು ಯಾವ ಕ್ಲೈಂಟ್‌ಗೂ (ಎಪಿಐಯನ್ನು ಕರೆಯುವ ಪ್ರೋಗ್ರಾಂಗೂ) ಸಹಜ ಪ್ರವೃತ್ತಿ. ಅನೇಕ ಲೈಬ್ರರಿಗಳು (ಸಿದ್ಧ ಕೋಡ್ ಸಂಗ್ರಹಗಳು) ಕೇಳದೆಯೇ ಮರುಪ್ರಯತ್ನ ಮಾಡುತ್ತವೆ. ಫಲವಾಗಿ ಹಣ ಎರಡು ಬಾರಿ ಹೋಗುತ್ತದೆ. ಆದ್ದರಿಂದಲೇ ಆ ಸಾಲು ಕೋರಿಕೆ ಸಂಖ್ಯೆಯನ್ನು ಜೊತೆಗಿಟ್ಟುಕೊಂಡಿದೆ. ಅದೇ ಸಂಖ್ಯೆಯೊಂದಿಗೆ ಮತ್ತೆ ಕೇಳಿದರೆ ಸರ್ವರ್ ಹೊಸ ವರ್ಗಾವಣೆ ಮಾಡದೆ ಹಳೆಯದರ ಸ್ಥಿತಿಯನ್ನು ಹೇಳಬೇಕು. ಇಂಥ ಸಂಖ್ಯೆಗೆ ಐಡೆಂಪೊಟೆನ್ಸಿ ಕೀ ಎಂದು ಹೆಸರು. ಎಕ್ಸೆಪ್ಷನ್ ಬಳಸುವ ಕೋಡ್‌ನಲ್ಲಿ ಈ ನಾಲ್ಕೂ ಬಹುಮಟ್ಟಿಗೆ ಎಕ್ಸೆಪ್ಷನ್ ಹಿಡಿಯಲು ಬರೆದ ಒಂದೇ 'ಹಿಡಿ' ಖಂಡದಲ್ಲಿ ಬಂದು ಬೀಳುತ್ತವೆ, ಅಲ್ಲಿ ಕೂಡಲೇ 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ' ಎಂಬ ಸಂದೇಶವಾಗುತ್ತವೆ. ಆ ಸಂದೇಶ ಮೂರು ಸಂದರ್ಭಗಳಲ್ಲಿ ನಿರುಪಯೋಗಿ, ನಾಲ್ಕನೆಯದರಲ್ಲಿ ಅಪಾಯಕಾರಿ.

ಯಾವ ದೋಷಗಳಿಗೆ ಟೈಪ್‌ನಲ್ಲಿ ಸ್ಥಾನ ಕೊಡಬೇಕು ಎಂಬುದಕ್ಕೆ ಅಳತೆಗೋಲು ಇಲ್ಲೇ ಸಿಗುತ್ತದೆ: ಕರೆದವರು ಅದನ್ನು ತಿಳಿದು ಬೇರೆಯದೇ ಕ್ರಮ ಕೈಗೊಳ್ಳಬಲ್ಲರೇ? ಬಲ್ಲರಾದರೆ ಅದಕ್ಕೊಂದು ಸಾಲು ಇರಲಿ. ಡಿಸ್ಕ್ ತುಂಬಿದೆ, ಒಳಗಿನ ಲೆಕ್ಕಾಚಾರದಲ್ಲಿ ಅಸಂಗತಿಯಿದೆ ಎಂಬಂಥವನ್ನು ತಿಳಿದು ಕ್ಲೈಂಟ್ ಮಾಡುವುದೇನೂ ಇಲ್ಲ. ಅವು ಲಾಗ್‌ಗೆ ಹೋಗಲಿ, ಹೊರಗೆ ಸರ್ವರ್ ದೋಷವೆಂದು ಸೂಚಿಸುವ 500 ಎಂದಷ್ಟೇ ಕಾಣಲಿ. ಸ್ಕಾಲಾದ ಜಿಯೋ ಲೈಬ್ರರಿ ಈ ಭೇದವನ್ನು ತನ್ನ ಅಡಿಪಾಯದಲ್ಲೇ ಇಟ್ಟಿದೆ: ನಿರೀಕ್ಷಿತ ಸೋಲು ಟೈಪ್‌ನಲ್ಲಿ ಕಾಣುತ್ತದೆ, ಕೋಡ್‌ನ ಕೊರತೆಯಿಂದಾದ ಕುಸಿತ ಕಾಣುವುದಿಲ್ಲ. ಟೈಪ್‌ಸ್ಕ್ರಿಪ್ಟ್‌ನ ಎಫೆಕ್ಟ್ ಲೈಬ್ರರಿಯೂ ಇದೇ ಹಾದಿಯಲ್ಲಿದೆ.

ನಮೂನೆ ತುಂಬುವ ಎಪಿಐಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಮೊನಾಡ್ ಮೊದಲ ದೋಷಕ್ಕೇ ನಿಲ್ಲುತ್ತದೆ. ಇಮೇಲ್ ತಪ್ಪಿದೆ ಎಂದು ತಿದ್ದಿ ಕಳುಹಿಸಿದ ಮೇಲೆ ಗುಪ್ತಪದ ಚಿಕ್ಕದಾಯಿತು, ಅದನ್ನೂ ತಿದ್ದಿದ ಮೇಲೆ ಜನ್ಮದಿನಾಂಕ ಸರಿಯಿಲ್ಲ ಎಂದು ಒಂದೊಂದಾಗಿ ಹೇಳುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ಒಂದನ್ನೊಂದು ಅವಲಂಬಿಸದ ತಪಾಸಣೆಗಳನ್ನೆಲ್ಲ ನಡೆಸಿ ದೋಷಗಳನ್ನು ಒಟ್ಟುಗೂಡಿಸುವ ಅಪ್ಲಿಕೇಟಿವ್ ವಿಧಾನ ಫಂಕ್ಷನಲ್ ಜಗತ್ತಿನಲ್ಲಿ ಬಹುಕಾಲದಿಂದ ಇದೆ. ವ್ಯಾಲಿಡೇಷನ್ ಎಂಬ ಹೆಸರಿನ ಟೈಪ್‌ಗಳು ಇರುವುದು ಇದಕ್ಕಾಗಿಯೇ.

ತಂತಿಯ ಆಚೆಗೆ

ಒಂದು ಪ್ರೋಗ್ರಾಂನೊಳಗೆ ಕಂಪೈಲರ್ ಕಾವಲಿದೆ. ಉತ್ತರ ಜಾಲದ ಮೇಲೆ ಹೊರಟ ಕ್ಷಣ ಆ ಕಾವಲು ಮುಗಿಯುತ್ತದೆ. ನಾಲ್ಕು ಸಾಲಿನ ಆ ಸುಂದರ ಟೈಪ್ ಕೋರಿಕೆ ಏನಾಯಿತೆಂದು ಹೇಳುವ ಮೂರು ಅಂಕಿಯ ಒಂದು ಸ್ಟೇಟಸ್ ಕೋಡ್ ಮತ್ತು ದತ್ತಾಂಶವನ್ನು ಪಠ್ಯವಾಗಿ ಬರೆಯುವ ಒಂದಿಷ್ಟು ಜೇಸನ್ ಆಗಿ ಕರಗುತ್ತದೆ.

ಸ್ಟೇಟಸ್ ಕೋಡ್‌ಗಳು ಸಾಲುವುದಿಲ್ಲ. ಮೊತ್ತ ಸಾಲದಿರುವುದಕ್ಕೂ ನಮೂನೆ ತಪ್ಪಿರುವುದಕ್ಕೂ ಕೆಲವು ಎಪಿಐಗಳು 422 ಎನ್ನುತ್ತವೆ, ಕೆಲವು 400 ಎನ್ನುತ್ತವೆ. ಗ್ರಾಫ್‌ಕ್ಯೂಎಲ್ ಸೇವೆಗಳು ಸಾಮಾನ್ಯವಾಗಿ 200 (ಎಲ್ಲ ಸರಿ) ಎಂದು ಹೇಳಿ ದೋಷಗಳನ್ನು ಉತ್ತರದೊಳಗಿನ ಪ್ರತ್ಯೇಕ ಪಟ್ಟಿಯಲ್ಲಿ ಇಡುತ್ತವೆ. ಈ ಗೊಂದಲ ಕಡಿಮೆ ಮಾಡಲು 2016ರಲ್ಲಿ ಆರ್‌ಎಫ್‌ಸಿ 7807 ಎಂಬ ಅಂತರಜಾಲ ಮಾನದಂಡ ಬಂದಿತು, 2023ರಲ್ಲಿ ಆರ್‌ಎಫ್‌ಸಿ 9457 ಅದರ ಸ್ಥಾನ ಪಡೆಯಿತು. ದೋಷದ ಉತ್ತರದಲ್ಲಿ ಅದರ ಬಗೆಯನ್ನು ಗುರುತಿಸುವ ಒಂದು ವಿಳಾಸ, ಶೀರ್ಷಿಕೆ, ಸ್ಟೇಟಸ್, ವಿವರ, ಈ ನಿರ್ದಿಷ್ಟ ಘಟನೆಯ ಗುರುತು ಇರಬಹುದು ಎಂದು ಅದು ಹೇಳುತ್ತದೆ. ಇವುಗಳಲ್ಲಿ ಮುಖ್ಯವಾದದ್ದು ಬಗೆಯ ವಿಳಾಸ. ನಮ್ಮ ಟೈಪ್‌ನ ಪ್ರತಿ ಸಾಲಿಗೂ ಒಂದೊಂದು ವಿಳಾಸ ಕೊಟ್ಟರೆ ಕ್ಲೈಂಟ್ ಕಡೆ ಅದೇ ಟೈಪ್ ಅನ್ನು ಮತ್ತೆ ಕಟ್ಟಿಕೊಳ್ಳಬಹುದು. ಶೀರ್ಷಿಕೆಯ ವಾಕ್ಯವನ್ನು ಹೋಲಿಸಿ ದೋಷವನ್ನು ಗುರುತಿಸುವ ಕ್ಲೈಂಟ್, ಯಾರೋ ಆ ವಾಕ್ಯದ ಕಾಗುಣಿತ ತಿದ್ದಿದ ದಿನವೇ ಮುರಿಯುತ್ತದೆ.

ಎಲ್ಮ್ ಭಾಷೆಯ ಎಚ್‌ಟಿಟಿಪಿ ಲೈಬ್ರರಿ ಕ್ಲೈಂಟ್ ಕಡೆಯ ಸತ್ಯವನ್ನು ಐದೇ ಸಾಲಿನಲ್ಲಿ ಹಿಡಿದಿಟ್ಟಿದೆ: ವಿಳಾಸ ತಪ್ಪು, ಸಮಯ ಮೀರಿತು, ಜಾಲವಿಲ್ಲ, ಸ್ಟೇಟಸ್ ಕೆಟ್ಟದ್ದು, ಬಂದ ಒಡಲು ಅರ್ಥವಾಗಲಿಲ್ಲ. ಕೊನೆಯದನ್ನು ಇತರ ಭಾಷೆಗಳ ಎಷ್ಟೋ ಕ್ಲೈಂಟ್‌ಗಳು ಮರೆಯುತ್ತವೆ. ಸರ್ವರ್ 200 ಎಂದಿತು, ಆದರೆ ಒಳಗಿನ ಜೇಸನ್ ನಿರೀಕ್ಷೆಯಂತಿಲ್ಲ; ಅದೂ ಒಂದು ದೋಷವೇ.

ಸರ್ವರ್ ಬರೆಯುವ ಲೈಬ್ರರಿಗಳು ಈ ಗಡಿಯನ್ನು ಬೇರೆ ಬೇರೆ ರೀತಿಯಲ್ಲಿ ದಾಟುತ್ತವೆ. ಸ್ಕಾಲಾದ ಟ್ಯಾಪಿರ್‌ನಲ್ಲಿ ಪ್ರತಿ ಎಂಡ್‌ಪಾಯಿಂಟ್‌ನ (ಎಪಿಐಯಲ್ಲಿ ಕರೆಯಬಹುದಾದ ಒಂದೊಂದು ವಿಳಾಸದ) ವಿವರಣೆಯಲ್ಲೇ ದೋಷದ ಉತ್ತರಕ್ಕೆ ಪ್ರತ್ಯೇಕ ಟೈಪ್ ಸ್ಥಾನವಿದೆ. ಅದೇ ವಿವರಣೆಯಿಂದ ಸರ್ವರ್, ಕ್ಲೈಂಟ್, ಓಪನ್‌ಎಪಿಐ ದಸ್ತಾವೇಜು ಮೂರೂ ಹುಟ್ಟುತ್ತವೆ. ಹ್ಯಾಸ್ಕೆಲ್‌ನ ಸರ್ವೆಂಟ್ ಇಡೀ ಎಪಿಐಯನ್ನೇ ಟೈಪ್ ಆಗಿ ಬರೆಯುವ ಧೈರ್ಯ ಮಾಡಿದ ಲೈಬ್ರರಿ. ಆದರೆ ಅದರಲ್ಲಿ ಬಹುಕಾಲ ಯಶಸ್ಸಿನ ಉತ್ತರ ಮಾತ್ರ ಟೈಪ್‌ನಲ್ಲಿರುತ್ತಿತ್ತು, ದೋಷವನ್ನು ಹ್ಯಾಂಡ್ಲರ್‌ನ (ಕೋರಿಕೆಗೆ ಉತ್ತರ ತಯಾರಿಸುವ ಫಂಕ್ಷನ್‌ನ) ಒಳಗಿಂದ ಎಸೆಯಬೇಕಿತ್ತು. ಒಂದೇ ಎಂಡ್‌ಪಾಯಿಂಟ್ ಕೊಡಬಹುದಾದ ಹಲವು ಬಗೆಯ ಉತ್ತರಗಳನ್ನು ಟೈಪ್‌ನಲ್ಲಿ ಹೆಸರಿಸುವ ಸೌಲಭ್ಯ ಅದಕ್ಕೆ ಬಂದದ್ದು 2020ರಲ್ಲಿ. ಟೈಪ್‌ಗಳಲ್ಲಿ ಇಷ್ಟು ಪಳಗಿದ ಸಮುದಾಯಕ್ಕೂ ಈ ಹೆಜ್ಜೆ ತಡವಾಯಿತು ಎಂಬುದೇ ಸಮಸ್ಯೆ ಎಷ್ಟು ಜಟಿಲ ಎಂಬುದನ್ನು ಹೇಳುತ್ತದೆ.

ವಿರೋಧದ ವಾದಗಳಿಗೂ ತೂಕವಿದೆ

ಟೈಪ್ ಇರುವ ದೋಷಗಳನ್ನು ಒಪ್ಪದವರು ಸೋಮಾರಿಗಳಲ್ಲ. ಅವರ ಮೊದಲ ವಾದ ಜಾವಾದ ಅನುಭವದಿಂದ ಬಂದದ್ದು. 1996ರಿಂದಲೇ ಜಾವಾದಲ್ಲಿ ಚೆಕ್ಡ್ ಎಕ್ಸೆಪ್ಷನ್‌ಗಳಿವೆ: ಫಂಕ್ಷನ್ ಏನನ್ನು ಎಸೆಯಬಹುದೆಂದು ಸಹಿಯಲ್ಲಿ ಬರೆಯಲೇಬೇಕು, ಕರೆದವರು ಹಿಡಿಯಲೇಬೇಕು ಅಥವಾ ಮೇಲಕ್ಕೆ ದಾಟಿಸಲೇಬೇಕು. ಕಂಪೈಲರ್‌ನ ಬಾಯಿ ಮುಚ್ಚಿಸಲು ಜನ ಖಾಲಿ 'ಹಿಡಿ' ಖಂಡಗಳನ್ನು ಬರೆದರು. ದೋಷ ಅಲ್ಲೇ ಸದ್ದಿಲ್ಲದೆ ಸತ್ತಿತು. ಸಿ ಶಾರ್ಪ್ ಆ ದಾರಿ ಹಿಡಿಯಲಿಲ್ಲ, ಕೋಟ್ಲಿನ್ ಕೂಡ ಕೈಬಿಟ್ಟಿತು. ಈದರ್, ರಿಸಲ್ಟ್‌ಗಳು ಅದೇ ಹಳೆಯ ಪ್ರಯೋಗದ ಹೊಸ ವೇಷ ಎನ್ನುವುದು ಟೀಕಾಕಾರರ ನಿಲುವು.

ಹೋಲಿಕೆ ಅರ್ಧ ಸರಿ. ಒತ್ತಾಯಕ್ಕೆ ಒಳಗಾದವರು ಅಗ್ಗದ ಉತ್ತರ ಕೊಡುತ್ತಾರೆ ಎಂಬುದಕ್ಕೆ ಖಾಲಿ 'ಹಿಡಿ' ಖಂಡವೂ ಸಾಕ್ಷಿ, ಅನ್‌ರ‍್ಯಾಪ್ ಕೂಡ ಸಾಕ್ಷಿ. ವ್ಯತ್ಯಾಸವಿರುವುದು ಸಂಯೋಜನೆಯಲ್ಲಿ. ಚೆಕ್ಡ್ ಎಕ್ಸೆಪ್ಷನ್‌ಗಳು ಭಾಷೆಯ ಉಳಿದ ಭಾಗಗಳೊಂದಿಗೆ ಬೆರೆಯಲಿಲ್ಲ. 2014ರಲ್ಲಿ ಜಾವಾ 8ರ ಲ್ಯಾಂಬ್ಡಾ ಮತ್ತು ಸ್ಟ್ರೀಮ್‌ಗಳು ಬಂದಾಗ ಅವು ದೊಡ್ಡ ತೊಡಕಾದವು. ರಿಸಲ್ಟ್ ಸಾಮಾನ್ಯ ಮೌಲ್ಯವಾದ್ದರಿಂದ ಅದನ್ನು ಪಟ್ಟಿಯಲ್ಲಿಡಬಹುದು, ಇನ್ನೊಂದು ಫಂಕ್ಷನ್‌ಗೆ ಕೊಡಬಹುದು, ಒಂದು ಬಗೆಯ ದೋಷವನ್ನು ಇನ್ನೊಂದಕ್ಕೆ ಪರಿವರ್ತಿಸಬಹುದು. ಒಳ್ಳೆಯ ಉತ್ತರದ ವೆಚ್ಚ ಇಳಿದಷ್ಟೂ ಅಗ್ಗದ ಉತ್ತರದ ಆಕರ್ಷಣೆ ಕುಗ್ಗುತ್ತದೆ.

ಎರಡನೆಯ ವಾದ ಎರ್ಲಾಂಗ್ ಪರಂಪರೆಯದು. 1980ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ದೂರವಾಣಿ ವ್ಯವಸ್ಥೆಗಳಿಗಾಗಿ ರೂಪುಗೊಂಡ ಈ ಭಾಷೆಯೂ ಫಂಕ್ಷನಲ್, ಆದರೆ ಅದರ ನಂಬಿಕೆ 'ಬೀಳಲು ಬಿಡಿ' ಎಂಬುದು. ಪ್ರತಿ ಕೆಲಸ ಪ್ರತ್ಯೇಕ ಪುಟ್ಟ ಪ್ರಕ್ರಿಯೆಯಲ್ಲಿ ನಡೆಯುತ್ತದೆ. ಅದು ಬಿದ್ದರೆ ಮೇಲ್ವಿಚಾರಕ ಪ್ರಕ್ರಿಯೆ ಶುದ್ಧ ಸ್ಥಿತಿಯಿಂದ ಹೊಸದನ್ನು ಎಬ್ಬಿಸುತ್ತದೆ. ಎಲ್ಲ ದೋಷಗಳನ್ನೂ ಮುಂಚೆಯೇ ಊಹಿಸಿ ಪಟ್ಟಿ ಮಾಡಲಾಗದು ಎಂಬ ಪ್ರಾಮಾಣಿಕ ತಿಳಿವಳಿಕೆ ಇದರ ಹಿಂದಿದೆ. ಆದರೆ ಇದು ಕೆಲಸ ಮಾಡುವುದು ಕ್ಷಣಿಕ ದೋಷಗಳಿಗೆ. ಒಳಬರುವ ಕಡತವೇ ಕೆಟ್ಟಿದ್ದರೆ ಹೊಸದಾಗಿ ಎದ್ದ ಪ್ರಕ್ರಿಯೆಯೂ ಅದನ್ನೇ ಓದಿ ಮತ್ತೆ ಬೀಳುತ್ತದೆ. ನವೆಂಬರ್ 18ರಂಥ ದಿನಕ್ಕೆ ಮರುಪ್ರಾರಂಭ ಮಾತ್ರವೇ ಮದ್ದಾಗುತ್ತಿರಲಿಲ್ಲ.

ಸ್ವಿಫ್ಟ್ ಭಾಷೆಯವರ ನಿಲುವು ನಡುದಾರಿಯದು. 2024ರ ಸ್ವಿಫ್ಟ್ 6ರಲ್ಲಿ ಎಸೆಯುವ ದೋಷಕ್ಕೆ ಟೈಪ್ ಕೊಡುವ ಅವಕಾಶ ಬಂದಿತು. ಆದರೆ ಅದನ್ನು ತಂದ ಪ್ರಸ್ತಾವವೇ, ಹೆಚ್ಚಿನ ಸಂದರ್ಭಗಳಿಗೆ ಟೈಪ್ ಇಲ್ಲದ ದೋಷವೇ ಉತ್ತಮ ಎಂದು ಎಚ್ಚರಿಸಿತು. ಕಾರಣ ಸರಳ: ಇಂದು ಮೂರು ಬಗೆಯಲ್ಲಿ ಸೋಲುವ ಫಂಕ್ಷನ್ ನಾಳೆ ನಾಲ್ಕನೆಯ ಬಗೆಯಲ್ಲಿ ಸೋಲಬಹುದು. ಸಹಿಯಲ್ಲಿ ಮೂರು ಎಂದು ಬರೆದುಕೊಟ್ಟಿದ್ದರೆ ಅದನ್ನು ಬದಲಿಸುವುದು ಮಾತು ಮುರಿದಂತೆ.

ಎಲ್ಲವನ್ನೂ ನುಂಗುವ ದೋಷ ಟೈಪ್

ಬಳಕೆಯಲ್ಲಿ ಅತಿ ಹೆಚ್ಚು ಕಾಣುವ ರೋಗ ಇದು. ಯೋಜನೆಯ ಮೊದಲ ವಾರದಲ್ಲಿ 'ಆ್ಯಪ್‌ದೋಷ' ಎಂಬ ಒಂದೇ ಟೈಪ್ ಹುಟ್ಟುತ್ತದೆ. ಪ್ರತಿ ಹೊಸ ಎಂಡ್‌ಪಾಯಿಂಟ್ ಅದಕ್ಕೊಂದು ಸಾಲು ಸೇರಿಸುತ್ತದೆ. ವರ್ಷ ಕಳೆದ ಮೇಲೆ ಹತ್ತಾರು ಸಾಲುಗಳಾಗುತ್ತವೆ. ಭಾವಚಿತ್ರ ಬದಲಿಸುವ ಎಂಡ್‌ಪಾಯಿಂಟ್ ಕೂಡ 'ಮೊತ್ತ ಸಾಲದು' ಎಂಬ ದೋಷ ಕೊಡಬಹುದು ಎಂದು ಸಹಿ ಸುಳ್ಳು ಹೇಳತೊಡಗುತ್ತದೆ. ಸುಳ್ಳು ಎಂದು ಗೊತ್ತಾದ ಕೂಡಲೇ ಎಲ್ಲರೂ 'ಉಳಿದವೆಲ್ಲ' ಎಂಬ ಒಂದು ಕವಲು ಬರೆದು ಕೈತೊಳೆದುಕೊಳ್ಳುತ್ತಾರೆ. ಅಲ್ಲಿಗೆ ಟೈಪ್ ಉಂಟು, ಪ್ರಯೋಜನ ಇಲ್ಲ.

ಪ್ರತಿ ಎಂಡ್‌ಪಾಯಿಂಟ್‌ಗೂ ಅದರದೇ ಪುಟ್ಟ ಟೈಪ್ ಕೊಡುವುದು ಪರಿಹಾರ. ಆಗ ಪುಟ್ಟವುಗಳನ್ನು ಜೋಡಿಸುವ ಕಷ್ಟ ಎದುರಾಗುತ್ತದೆ. ಹೆಸರಿಲ್ಲದೆಯೇ ಟೈಪ್‌ಗಳನ್ನು ಕೂಡಿಸುವ ಸೌಲಭ್ಯ ಇರುವ ಭಾಷೆಗಳು ಇಲ್ಲಿ ಮುಂದಿವೆ: ಓಕ್ಯಾಮಲ್‌ನ ಪಾಲಿಮಾರ್ಫಿಕ್ ವೇರಿಯಂಟ್‌ಗಳು, ಟೈಪ್‌ಸ್ಕ್ರಿಪ್ಟ್‌ನ ಯೂನಿಯನ್‌ಗಳು, 2021ರಲ್ಲಿ ಬಂದ ಸ್ಕಾಲಾ 3ರ ಯೂನಿಯನ್ ಟೈಪ್‌ಗಳು. ರಸ್ಟ್‌ನಲ್ಲಿ ಪರಿವರ್ತನೆಯ ಕೋಡ್ ಬರೆಯಲೇಬೇಕು, ಅದನ್ನು ಹಗುರಾಗಿಸುವ ಲೈಬ್ರರಿಗಳಿವೆ. ಪದರದಿಂದ ಪದರಕ್ಕೆ ದೋಷವನ್ನು ಅನುವಾದಿಸುವ ಆ ಶ್ರಮ ವ್ಯರ್ಥವಲ್ಲ. ಡೇಟಾಬೇಸ್‌ನ 'ಅನನ್ಯತೆಯ ನಿಯಮ ಮುರಿಯಿತು' ಎಂಬ ದೋಷ ಎಪಿಐ ಮಟ್ಟದಲ್ಲಿ 'ಈ ಇಮೇಲ್ ಈಗಾಗಲೇ ನೋಂದಣಿಯಾಗಿದೆ' ಎಂದಾಗುವ ಜಾಗ ಅದು. ಅನುವಾದಿಸದೆ ಹೊರಗೆ ಬಿಟ್ಟರೆ ಒಳಗಿನ ಕೋಷ್ಟಕಗಳ ಹೆಸರು ಜಗತ್ತಿಗೆಲ್ಲ ಗೊತ್ತಾಗುತ್ತದೆ.

ಹೆಚ್ಚು ಹೇಳುವುದೂ ಅಪಾಯವೇ. ಪ್ರವೇಶದ ಎಪಿಐ 'ಬಳಕೆದಾರರಿಲ್ಲ', 'ಗುಪ್ತಪದ ತಪ್ಪು' ಎಂದು ಎರಡು ದೋಷಗಳನ್ನು ಬೇರ್ಪಡಿಸಿದರೆ, ಯಾರ್‍ಯಾರಿಗೆ ಖಾತೆಯಿದೆ ಎಂದು ದಾಳಿಕೋರರು ಪಟ್ಟಿ ಮಾಡಿಕೊಳ್ಳಬಹುದು. ಅನುಮತಿಯಿಲ್ಲದವರು ಖಾಸಗಿ ಕೋಡ್ ಭಂಡಾರವೊಂದನ್ನು ಕೇಳಿದಾಗ ಗಿಟ್‌ಹಬ್‌ನ ಎಪಿಐ 403 (ಅನುಮತಿಯಿಲ್ಲ) ಎನ್ನದೆ 404 (ಅಂಥದ್ದಿಲ್ಲ) ಎನ್ನುವುದು ಇದೇ ಕಾರಣಕ್ಕೆ. 'ನಿಮಗೆ ಅನುಮತಿಯಿಲ್ಲ' ಎಂದರೆ ಅಂಥದ್ದೊಂದು ಇದೆ ಎಂದು ಒಪ್ಪಿಕೊಂಡಂತೆ. ಒಳಗಿನ ಟೈಪ್‌ನಲ್ಲಿ ಎರಡೂ ಬೇರೆ ಬೇರೆಯಾಗಿಯೇ ಇರಲಿ, ಲಾಗ್‌ನಲ್ಲೂ ಬೇರೆಯಾಗಿ ಕಾಣಲಿ. ಹೊರಗಿನ ಟೈಪ್‌ನಲ್ಲಿ ಅವು ಒಂದಾಗಬೇಕು. ಒಂದೇ ದೈತ್ಯ ಟೈಪ್ ಇಟ್ಟುಕೊಂಡವರಿಗೆ ಈ ಒಳಗು ಹೊರಗುಗಳ ಭೇದ ಮಾಡಲು ಜಾಗವೇ ಉಳಿದಿರುವುದಿಲ್ಲ.

ಮುಂದೆ ಏನಾಗಬಹುದು

ತಕ್ಷಣದ ಪರಿಣಾಮ ಕ್ಲೌಡ್‌ಫ್ಲೇರ್‌ನಲ್ಲೇ ಕಂಡಿತು. ಡಿಸೆಂಬರ್ ಘಟನೆಯ ನಂತರ ಕಂಪನಿ ಪ್ರಕಟಿಸಿದ ಕ್ರಮಗಳಲ್ಲಿ, ಸಂರಚನಾ ಕಡತ ಕೆಟ್ಟಿದ್ದರೆ ಅಥವಾ ಮಿತಿ ಮೀರಿದ್ದರೆ ದೋಷವನ್ನು ದಾಖಲಿಸಿ, ಗೊತ್ತಿರುವ ಒಳ್ಳೆಯ ಸ್ಥಿತಿಗೆ ಮರಳುವುದು ಅಥವಾ ಅಂಕ ನೀಡದೆಯೇ ದಟ್ಟಣೆಯನ್ನು ಮುಂದೆ ಬಿಡುವುದು ಸೇರಿದೆ. ಪ್ರತಿ ಅನ್‌ರ‍್ಯಾಪ್‌ನ ಜಾಗದಲ್ಲೂ ಇನ್ನು ಮುಂದೆ ಒಂದು ನೀತಿ ನಿರ್ಧಾರ ಇರಬೇಕು ಎಂಬುದು ಇದರ ಅರ್ಥ. ಆ ನಿರ್ಧಾರ ಎಲ್ಲೆಡೆ ಒಂದೇ ಆಗಲಾರದು. ಬಾಟ್ ಅಂಕ ಸಿಗದಿದ್ದರೆ ಕೋರಿಕೆಯನ್ನು ಒಳಗೆ ಬಿಡುವುದು ಸಹ್ಯ. ಹಣ ವರ್ಗಾವಣೆಯ ಅನುಮತಿ ತಪಾಸಣೆ ಕೆಟ್ಟಾಗ ಹಾಗೆ ಬಿಡುವುದು ವಿನಾಶಕಾರಿ. ಬಿಡಬೇಕೋ ತಡೆಯಬೇಕೋ ಎಂಬುದನ್ನು ಕಡತ ಓದುವ ಫಂಕ್ಷನ್ ಬರೆದವರು ಅಲ್ಲಿಂದಲೇ ಹೇಳಲಾರರು, ಆ ಫಂಕ್ಷನ್‌ಗೆ ತಾನು ಯಾರ ಕೆಲಸದಲ್ಲಿದ್ದೇನೆಂದು ಗೊತ್ತಿಲ್ಲ. ದೋಷವನ್ನು ಮೌಲ್ಯವಾಗಿ ಮೇಲಕ್ಕೆ ಕಳುಹಿಸುವುದರ ನಿಜವಾದ ಉಪಯೋಗ ಇಲ್ಲಿದೆ: ನಿರ್ಧಾರ ಮಾಡುವಷ್ಟು ತಿಳಿವಳಿಕೆ ಇರುವ ಪದರವನ್ನು ತಲುಪುವ ತನಕ ಅದು ಜೀವಂತವಾಗಿರುತ್ತದೆ.

ಸಾರ್ವಜನಿಕ ಎಪಿಐಗಳಲ್ಲಿ ದೋಷದ ಪಟ್ಟಿ ಬೆಳೆಯುವ ಸಮಸ್ಯೆ ಉಳಿದೇ ಇರುತ್ತದೆ. ಸರ್ವರ್ ಮತ್ತು ಕ್ಲೈಂಟ್ ಎರಡನ್ನೂ ಒಂದೇ ತಂಡ ಬರೆಯುವಾಗ ಮುಚ್ಚಿದ ಪಟ್ಟಿ ವರದಾನ: ಹೊಸ ಸಾಲು ಸೇರಿಸಿದ ಕೂಡಲೇ ಎಲ್ಲೆಲ್ಲಿ ತಿದ್ದಬೇಕೆಂದು ಕಂಪೈಲರ್ ತೋರಿಸುತ್ತದೆ. ಕ್ಲೈಂಟ್‌ಗಳು ಬೇರೆಯವರ ಕೈಯಲ್ಲಿದ್ದಾಗ ಅದೇ ಪಟ್ಟಿ ಸಂಕೋಲೆಯಾಗುತ್ತದೆ. ರಸ್ಟ್ 2019ರಿಂದ 'ಈ ಪಟ್ಟಿ ಪೂರ್ಣವಲ್ಲ' ಎಂದು ಟೈಪ್ ಮೇಲೆಯೇ ಗುರುತು ಹಾಕಲು ಬಿಡುತ್ತದೆ, ಹೊರಗಿನವರು 'ಗೊತ್ತಿಲ್ಲದ್ದು' ಎಂಬ ಕವಲನ್ನು ಬರೆಯಲೇಬೇಕಾಗುತ್ತದೆ.

ಗೊತ್ತಿಲ್ಲದ ದೋಷ ಬಂದಾಗ ಕ್ಲೈಂಟ್ ಏನು ಮಾಡಬೇಕು ಎಂಬುದಕ್ಕೆ ಎಚ್‌ಟಿಟಿಪಿಯಲ್ಲೇ ಮಾದರಿಯಿದೆ. ಪರಿಚಯವಿಲ್ಲದ ಸ್ಟೇಟಸ್ ಕೋಡ್ ಬಂದರೆ ಅದರ ಮೊದಲ ಅಂಕಿಯನ್ನು ನೋಡಿ, 4ರಿಂದ ಶುರುವಾದರೆ 400 ಎಂದೂ 5ರಿಂದ ಶುರುವಾದರೆ 500 ಎಂದೂ ಭಾವಿಸಬೇಕು ಎಂದು 2022ರ ಆರ್‌ಎಫ್‌ಸಿ 9110 ವಿಧಿಸುತ್ತದೆ. ದೋಷ ಟೈಪ್‌ಗಳನ್ನು ವಿನ್ಯಾಸ ಮಾಡುವವರು ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಪ್ರತಿ ದೋಷದ ಜೊತೆಗೂ ಅದು ಯಾವ ವರ್ಗಕ್ಕೆ ಸೇರಿದ್ದೆಂಬ ಗುರುತು ಇರಲಿ: ಕೋರಿಕೆಯನ್ನು ತಿದ್ದಬೇಕೇ, ಕಾದು ಮತ್ತೆ ಕೇಳಬೇಕೇ, ಆದದ್ದೇನೆಂದು ವಿಚಾರಿಸಬೇಕೇ. ಹೊಸ ದೋಷಗಳು ಎಷ್ಟು ಸೇರಿದರೂ ಈ ಮೂರು ವರ್ಗಗಳು ಬದಲಾಗುವುದು ವಿರಳ, ಹಳೆಯ ಕ್ಲೈಂಟ್‌ಗಳು ಅವುಗಳ ಆಧಾರದ ಮೇಲೆಯೇ ಸುರಕ್ಷಿತವಾಗಿ ಮುಂದುವರಿಯಬಲ್ಲವು.